ಡಿಸ್ಕುಗಳಿವೆ, ರೇಡ್ ಕಾಣೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಳೆಗಾಲ ಹಿಡಿದ ಮೇಲೆ ಬಂದ ಪತ್ರಗಳಲ್ಲಿ ಒಂದೇ ದೂರು ಮತ್ತೆ ಮತ್ತೆ ಕಾಣುತ್ತಿದೆ. ಲಿನಕ್ಸ್ ಯಂತ್ರದಲ್ಲಿ ಕಟ್ಟಿದ್ದ ಸಾಫ್ಟ್‌ವೇರ್ ರೇಡ್ (ಹಲವು ಡಿಸ್ಕುಗಳನ್ನು ಒಂದಾಗಿ ಜೋಡಿಸುವ ಏರ್ಪಾಡು) ಬೆಳಿಗ್ಗೆ ಆನ್ ಮಾಡಿದರೆ ಇಲ್ಲ. ಡಿಸ್ಕುಗಳು ತಿರುಗುತ್ತಿವೆ, ದೀಪ ಮಿನುಗುತ್ತಿದೆ, ಅರೇ (ಹಾಗೆ ಜೋಡಿಸಿದ ಡಿಸ್ಕುಗಳ ಗುಂಪು) ಮಾತ್ರ ಕಾಣೆ. ಸಿಡಿಲು, ಹೋಗಿ ಬರುವ ಕರೆಂಟು, ಕಡಲ ಕಡೆಯ ಉಪ್ಪುಗಾಳಿ ಮೂರೂ ನಮ್ಮ ಮಂಗಳೂರು, ಉಡುಪಿ ಕಡೆ ಒಟ್ಟಿಗೇ ಬರುವುದರಿಂದ ಈ ಸಲದ ಅಂಕಣವನ್ನು ಪೂರ್ತಿ ಇದಕ್ಕೇ ಮೀಸಲಿಟ್ಟಿದ್ದೇವೆ.

ರೇಡ್‌ಗೆ ಸೇರಿದ ಪ್ರತಿಯೊಂದು ಡಿಸ್ಕಿನಲ್ಲೂ ಸೂಪರ್‌ಬ್ಲಾಕ್ ಎಂಬ ಚಿಕ್ಕ ದಾಖಲೆ ಇರುತ್ತದೆ. ತಾನು ಯಾವ ಅರೇಗೆ ಸೇರಿದ್ದು, ಅದರಲ್ಲಿ ಎಷ್ಟನೆಯದು, ಕೊನೆಯ ಬಾರಿ ಬರೆದದ್ದು ಯಾವಾಗ ಎಂಬುದೆಲ್ಲ ಅದರಲ್ಲಿದೆ. ಅರೇ ಕಾಣಲಿಲ್ಲವೆಂದರೆ ಆ ದಾಖಲೆ ಅಳಿದಿದೆ, ಅಥವಾ ಅದನ್ನು ಓದಬೇಕಾದ ಪ್ರೋಗ್ರಾಂ ಓದಿಲ್ಲ, ಅಥವಾ ಓದಿದ ದಾಖಲೆಗಳು ಒಂದಕ್ಕೊಂದು ತಾಳೆಯಾಗಿಲ್ಲ. ಈ ಮೂರರಲ್ಲಿ ಯಾವುದು ಎಂದು ತಿಳಿಯುವ ತನಕ ಡಿಸ್ಕಿಗೆ ಏನನ್ನೂ ಬರೆಯಬಾರದು.

ಆಜ್ಞೆಗಳನ್ನು ಕನ್ನಡ ಅಕ್ಷರದಲ್ಲೇ ಅಚ್ಚು ಮಾಡಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳನ್ನೇ ಬಳಸಿ, ಆಜ್ಞೆಯ ಮೊದಲಿಗೆ ಸುಡೊ ಸೇರಿಸಿ. ರೇಡ್ ಕಟ್ಟುವ, ನೋಡಿಕೊಳ್ಳುವ ಪ್ರೋಗ್ರಾಂ ಎಂಡಿಎಡಿಎಂ ಎಂಬುದು ಐದು ಅಕ್ಷರಗಳ ಹೆಸರು, ಒಂದೊಂದಾಗಿ ಓದಿಕೊಳ್ಳಿ. ಅದರ ‘--ಎಕ್ಸಾಮಿನ್’ ಡಿಸ್ಕಿನ ಸೂಪರ್‌ಬ್ಲಾಕನ್ನು ಓದಿ ತೋರಿಸುತ್ತದೆ. ಡಿಸ್ಕಿನ ಹೆಸರುಗಳ ಜಾಗದಲ್ಲಿ ನಿಮ್ಮ ಯಂತ್ರದ ಹೆಸರುಗಳನ್ನೇ ಹಾಕಿ.

ಪ್ರಶ್ನೆ: ನಮ್ಮದು ಮದುವೆ, ಯಕ್ಷಗಾನದ ವಿಡಿಯೋ ಮಾಡುವ ಸ್ಟುಡಿಯೋ. ಉಬುಂಟು ಯಂತ್ರದಲ್ಲಿ 4 ಟಿಬಿಯ 4 ಡಿಸ್ಕ್ ಹಾಕಿ ರೇಡ್ 5 ಮಾಡಿದ್ದೆವು. ಗುಡುಗು ಸಿಡಿಲಿನ ರಾತ್ರಿ ಕರೆಂಟು ಹೋಯಿತು, ಯುಪಿಎಸ್ಸೂ ಕೈಕೊಟ್ಟಿತು. ಈಗ ನಮ್ಮ ಅರೇ ಎಂಡಿ0 ಇಲ್ಲ. ಎಂಡಿ127 ಎಂದು ತೋರಿಸಿ ‘ಇನ್‌ಆಕ್ಟಿವ್’ ಎನ್ನುತ್ತದೆ, ನಾಲ್ಕೂ ಡಿಸ್ಕಿನ ಪಕ್ಕ (ಎಸ್) ಎಂದಿದೆ. ಎಕ್ಸಾಮಿನ್ ಕೊಟ್ಟಾಗ ಈವೆಂಟ್ಸ್ ಸಂಖ್ಯೆ ಹೀಗಿದೆ: ಎಸ್‌ಡಿಬಿ1 48213, ಎಸ್‌ಡಿಸಿ1 48213, ಎಸ್‌ಡಿಡಿ1 48209, ಎಸ್‌ಡಿಇ1 31772. ಪರಿಚಯದವರೊಬ್ಬರು ‘ಮೊದಲು ಕೊಟ್ಟ ಕ್ರಿಯೇಟ್ ಆಜ್ಞೆಯನ್ನೇ ಇನ್ನೊಮ್ಮೆ ಕೊಡಿ, ಡೇಟಾ ಹೋಗುವುದಿಲ್ಲ’ ಎನ್ನುತ್ತಾರೆ. ಕೊಡಬಹುದೇ?
(ಸ್ಟುಡಿಯೋ ಮಾಲೀಕರು, ಉಡುಪಿ)

ಉತ್ತರ: ಖಂಡಿತ ಕೊಡಬೇಡಿ. ಕ್ರಿಯೇಟ್ ಎಂದರೆ ಹೊಸ ಅರೇ. ಅದು ನಾಲ್ಕೂ ಡಿಸ್ಕಿನ ಸೂಪರ್‌ಬ್ಲಾಕನ್ನು ಹೊಸದಾಗಿ ಬರೆಯುತ್ತದೆ, ನೀವು ಈಗ ಓದಿದ ಈವೆಂಟ್ಸ್ ಸಂಖ್ಯೆಗಳೂ ಅದರೊಂದಿಗೆ ಹೋಗುತ್ತವೆ. ಡಿಸ್ಕುಗಳ ಕ್ರಮ ಒಂದು ಹೆಚ್ಚು ಕಡಿಮೆಯಾದರೂ, ಚಂಕ್ ಗಾತ್ರ ಬೇರೆಯಾದರೂ (ಚಂಕ್ ಎಂದರೆ ಒಂದೊಂದು ಡಿಸ್ಕಿಗೆ ಸರದಿಯಲ್ಲಿ ಬೀಳುವ ಡೇಟಾದ ತುಂಡು; ಹಳೆಯ ಎಂಡಿಎಡಿಎಂನಲ್ಲಿ ತಾನಾಗಿ 64 ಕೆಬಿ ಇರುತ್ತಿತ್ತು, ಈಗ 512 ಕೆಬಿ), ಡೇಟಾ ಶುರುವಾಗುವ ಜಾಗ ಬದಲಾದರೂ ಒಳಗಿನದು ಗೊಂದಲವಾಗುತ್ತದೆ. ಅದರ ಮೇಲೆ ಹಿನ್ನೆಲೆಯಲ್ಲಿ ಪ್ಯಾರಿಟಿ (ಕೆಟ್ಟ ಡಿಸ್ಕಿನ ಡೇಟಾ ಮರಳಿ ಪಡೆಯಲು ಇಡುವ) ಲೆಕ್ಕ ಶುರುವಾಗಿ, ಆ ತಪ್ಪು ಲೆಕ್ಕವನ್ನೇ ನಿಮ್ಮ ವಿಡಿಯೋಗಳ ಮೇಲೆ ಬರೆಯುತ್ತಾ ಹೋಗುತ್ತದೆ. ರೇಡ್ ಹಾಳಾಗಿ ಕಳೆದುಹೋಯಿತು ಎನ್ನುವ ಡೇಟಾದಲ್ಲಿ ಬಹಳಷ್ಟು ನಿಜವಾಗಿ ಹೋಗುವುದು ಈ ಒಂದು ಆಜ್ಞೆಯಿಂದ.

(ಎಸ್) ನೋಡಿ ಗಾಬರಿಯಾಗಬೇಡಿ. ಚಾಲೂ ಆಗದ ಅರೇಯಲ್ಲಿ ಎಲ್ಲ ಡಿಸ್ಕನ್ನೂ ಹಾಗೆಯೇ ಸ್ಪೇರ್ (ಬದಲಿಗೆಂದು ಇಟ್ಟ ಡಿಸ್ಕ್) ಎಂದು ತೋರಿಸುತ್ತದೆ. ಅವು ಸ್ಪೇರ್ ಆಗಿಬಿಟ್ಟಿವೆ ಎಂದಲ್ಲ.

ನೀವು ಕಳಿಸಿದ ನಾಲ್ಕು ಸಂಖ್ಯೆಗಳಲ್ಲೇ ಪೂರ್ತಿ ಕಥೆ ಇದೆ. ಅರೇಯಲ್ಲಿ ಏನಾದರೂ ಬದಲಾದಾಗಲೆಲ್ಲ ಈವೆಂಟ್ಸ್ ಏರುತ್ತದೆ. ಎಸ್‌ಡಿಇ1 31772ಕ್ಕೇ ನಿಂತಿದೆ ಎಂದರೆ ಆ ಡಿಸ್ಕ್ ಬಹಳ ಹಿಂದೆಯೇ ಹೊರಬಿದ್ದಿತ್ತು, ಯಾರೂ ನೋಡಲಿಲ್ಲ. ಅದೇ ಎಕ್ಸಾಮಿನ್‌ನಲ್ಲಿ ‘ಅಪ್‌ಡೇಟ್ ಟೈಮ್’ ನೋಡಿ, ಬಿದ್ದ ದಿನ ಸಿಗುತ್ತದೆ. ಎಸ್‌ಡಿಡಿ1 ಹಿಂದುಳಿದಿರುವುದು ಬರೀ ನಾಲ್ಕು ಹೆಜ್ಜೆ. ಅದು ಬಿದ್ದದ್ದು ಕರೆಂಟು ಹೋಗುವ ಹೊತ್ತಿಗೆ. 4 ಡಿಸ್ಕಿನ ರೇಡ್ 5 ನಡೆಯಲು 3 ಬೇಕು. ಒಪ್ಪುವವು ಎರಡೇ ಇರುವುದರಿಂದ ಲಿನಕ್ಸ್ ಚಾಲೂ ಮಾಡಲು ನಿರಾಕರಿಸಿದೆ. ಅದು ಸರಿಯಾದ ನಡತೆಯೇ.

ಈಗ ಮಾಡಬೇಕಾದ್ದು. ಮೊದಲು ‘ಎಲ್‌ಎಸ್‌ಬಿಎಲ್‌ಕೆ -ಓ ನೇಮ್,ಸೈಜ್,ಸೀರಿಯಲ್’ ಕೊಟ್ಟು ಯಾವ ಹೆಸರಿಗೆ ಯಾವ ಸೀರಿಯಲ್ ಎಂದು ಕಾಗದದ ಮೇಲೆ ಬರೆದುಕೊಳ್ಳಿ. ರೀಬೂಟ್ ಆದರೆ ಎಸ್‌ಡಿಬಿ, ಎಸ್‌ಡಿಸಿ ಅದಲು ಬದಲಾಗುವುದುಂಟು, ಸೀರಿಯಲ್ ಬದಲಾಗದು. ನಾಲ್ಕೂ ಡಿಸ್ಕಿನ ಎಕ್ಸಾಮಿನ್ ಉತ್ತರವನ್ನು ಪೆನ್‌ಡ್ರೈವಿಗೆ ಉಳಿಸಿ. ಆಮೇಲೆ ‘ಸ್ಮಾರ್ಟ್‌ಸಿಟಿಎಲ್ -ಎ’ ಕೊಟ್ಟು ಬಿ, ಸಿ, ಡಿ ಮೂರರಲ್ಲೂ ಐಡಿ 5 ಇರುವ ಸಾಲು (ಬದಲಿಸಿದ ಸೆಕ್ಟರು) ಮತ್ತು ಐಡಿ 197 ಇರುವ ಸಾಲು (ಓದಲಾಗದೆ ಕಾಯುತ್ತಿರುವ ಸೆಕ್ಟರು) ನೋಡಿ. 197ರಲ್ಲಿ ಸೊನ್ನೆಗಿಂತ ಹೆಚ್ಚಿದ್ದರೆ ಅಲ್ಲಿಗೇ ನಿಲ್ಲಿಸಿ. ಅಷ್ಟೇ ಅಥವಾ ದೊಡ್ಡ ಗಾತ್ರದ ಹೊಸ ಡಿಸ್ಕ್ ತಂದು, ‘ಡಿಡಿರೆಸ್ಕ್ಯೂ’ ಬಳಸಿ ಆ ಡಿಸ್ಕನ್ನು ಪೂರ್ತಿ ನಕಲು ಮಾಡಿ, ಹಳೆಯದನ್ನು ತೆಗೆದು ನಕಲಿನೊಂದಿಗೆ ಮುಂದುವರಿಯಿರಿ. ಹಳೆಯದು, ನಕಲು ಎರಡೂ ಒಟ್ಟಿಗೆ ಜೋಡಿಸಿದ್ದರೆ ಎರಡಕ್ಕೂ ಒಂದೇ ಗುರುತು ಇರುವುದರಿಂದ ಎಂಡಿಎಡಿಎಂಗೆ ಗೊಂದಲವಾಗುತ್ತದೆ.

ಮೂರೂ ಆರೋಗ್ಯವಾಗಿದ್ದರೆ, ಅರ್ಧ ಕಟ್ಟಿದ ಅರೇಯನ್ನು ಬಿಡಿಸಿ:

ಎಂಡಿಎಡಿಎಂ --ಸ್ಟಾಪ್ /ಡೆವ್/ಎಂಡಿ127

ಇದನ್ನು ಬಿಟ್ಟರೆ ಮುಂದಿನ ಆಜ್ಞೆಗೆ ‘ಡಿವೈಸ್ ಬ್ಯುಸಿ’ ಎಂಬ ಉತ್ತರ ಬರುತ್ತದೆ, ಡಿಸ್ಕುಗಳನ್ನು ಎಂಡಿ127 ಹಿಡಿದುಕೊಂಡಿರುತ್ತದಲ್ಲ. ಆಮೇಲೆ ಮೂರನ್ನು ಮಾತ್ರ ಹೆಸರಿಸಿ, ಎಸ್‌ಡಿಇ1 ಬಿಟ್ಟು:

ಎಂಡಿಎಡಿಎಂ --ಅಸೆಂಬಲ್ --ಫೋರ್ಸ್ --ವರ್ಬೋಸ್ /ಡೆವ್/ಎಂಡಿ0 /ಡೆವ್/ಎಸ್‌ಡಿಬಿ1 /ಡೆವ್/ಎಸ್‌ಡಿಸಿ1 /ಡೆವ್/ಎಸ್‌ಡಿಡಿ1

ಫೋರ್ಸ್ ಮಾಡುವುದಿಷ್ಟೇ: ಎಸ್‌ಡಿಡಿ1ರ 48209ನ್ನು ಉಳಿದವಕ್ಕೆ ಸರಿಹೊಂದಿಸಿ ಅದನ್ನೂ ಒಪ್ಪಿಕೊಳ್ಳುತ್ತದೆ. ನಾಲ್ಕು ಹೆಜ್ಜೆಯ ಅಂತರವಾದ್ದರಿಂದ ಕೊನೆಯ ಕ್ಷಣಗಳಲ್ಲಿ ಬರೆಯುತ್ತಿದ್ದ ಫೈಲಿಗೆ ಮಾತ್ರ ಧಕ್ಕೆಯಾಗಿರಬಹುದು. ಅದೇ ಎಸ್‌ಡಿಇ1ನ್ನು ಫೋರ್ಸ್‌ನಲ್ಲಿ ಸೇರಿಸಿದ್ದರೆ ಹಳೆಯ, ಹೊಸ ತುಂಡುಗಳು ಬೆರೆತು ಫೈಲ್‌ಸಿಸ್ಟಮ್ಮೇ ಕೆಡುತ್ತಿತ್ತು. ಕೆರ್ನಲ್ (ಲಿನಕ್ಸಿನ ತಿರುಳು) ಲಾಗಿನಲ್ಲಿ ‘ಕೆನಾಟ್ ಸ್ಟಾರ್ಟ್ ಡರ್ಟಿ ಡಿಗ್ರೇಡೆಡ್ ಅರೇ’ ಎಂದು ಕಂಡರೂ ಉಪಾಯ ಇದೇ ಫೋರ್ಸ್.

ಅರೇ ಎದ್ದ ಕೂಡಲೇ ಬರೆಯಲು ಬಿಡಬೇಡಿ. ಫೈಲ್‌ಸಿಸ್ಟಮ್ ಇಎಕ್ಸ್‌ಟಿ4 ಆದರೆ ‘ಮೌಂಟ್ -ಓ ಆರ್‌ಓ,ನೋಲೋಡ್’, ಎಕ್ಸ್‌ಎಫ್‌ಎಸ್ ಆದರೆ ‘ಆರ್‌ಓ,ನೋರಿಕವರಿ’ ಎಂದು ಓದಲು ಮಾತ್ರ ತೆರೆಯಿರಿ. ಇತ್ತೀಚಿನ ನಾಲ್ಕೈದು ವಿಡಿಯೋ ಪೂರ್ತಿ ಓಡಿಸಿ ನೋಡಿ, ಬೇಕಾದ್ದನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿ. ಎಫ್‌ಎಸ್‌ಸಿಕೆ (ಫೈಲ್‌ಸಿಸ್ಟಮ್ ತಪಾಸಣೆ), ನಾಲ್ಕನೆಯ ಡಿಸ್ಕ್ ಸೇರಿಸುವುದು ಎಲ್ಲ ಅದರ ನಂತರ. ಈ ಕ್ರಮಕ್ಕೆ ಕಾರಣವಿದೆ. ‘--ಆ್ಯಡ್’ ಕೊಟ್ಟೊಡನೆ ಉಳಿದ ಮೂರು ಡಿಸ್ಕನ್ನು ಮೊದಲಿಂದ ಕೊನೆಯವರೆಗೆ ಓದಿ ನಾಲ್ಕನೆಯದನ್ನು ತುಂಬಬೇಕು. ಸೆಕೆಂಡಿಗೆ 150 ಎಂಬಿ ವೇಗ ಸಿಕ್ಕರೂ 4 ಟಿಬಿಗೆ ಏಳೂವರೆ ಗಂಟೆ ಹತ್ತಿರ. ಸೋತ ಡಿಸ್ಕುಗಳಿಗೆ ಅದಕ್ಕಿಂತ ಕಠಿಣ ಪರೀಕ್ಷೆ ಬೇರೆಯಿಲ್ಲ. ಆ ಹೊತ್ತಿನಲ್ಲಿ ಇನ್ನೊಂದು ಬಿದ್ದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಇನ್ನೂ ಧೈರ್ಯ ಸಾಲದಿದ್ದರೆ ಡಿಸ್ಕಿನ ಮೇಲೆ ಓವರ್‌ಲೇ ಹಾಕಿ ಪ್ರಯೋಗ ಮಾಡಬಹುದು. ‘ಟ್ರಂಕೇಟ್’ನಿಂದ 40 ಜಿಬಿಯ ಖಾಲಿ ಫೈಲ್, ಅದಕ್ಕೆ ‘ಲೋಸೆಟಪ್’, ಮೇಲೆ ‘ಡಿಎಂಸೆಟಪ್’ನ ಸ್ನ್ಯಾಪ್‌ಶಾಟ್. ಹೀಗೆ ಪ್ರತಿ ಡಿಸ್ಕಿಗೂ ಒಂದೊಂದು ಮಾಡಿದರೆ, ನೀವು ಬರೆದದ್ದೆಲ್ಲ ಆ ಫೈಲಿಗೆ ಹೋಗುತ್ತದೆ, ಅಸಲು ಡಿಸ್ಕ್ ಮುಟ್ಟಿಸಿಕೊಳ್ಳುವುದಿಲ್ಲ. ಬೆಲೆಕಟ್ಟಲಾಗದ ರೆಕಾರ್ಡಿಂಗ್ ಇದ್ದರೆ ಅರ್ಧ ದಿನ ಹೋದರೂ ಈ ದಾರಿಯೇ ಮೇಲು.

ಕೊನೆಗೆ, ಒಂದು ಡಿಸ್ಕ್ ಅಷ್ಟು ಹಿಂದೆ ಬಿದ್ದರೂ ಗೊತ್ತಾಗದೇ ಇದ್ದದ್ದೇ ಇಲ್ಲಿಯ ಮೂಲ ದೋಷ. ಎಂಡಿಎಡಿಎಂ.ಕಾನ್ಫ್ ಫೈಲಿನ ‘ಮೇಲ್‌ಅಡ್ರ್’ ಸಾಲಿಗೆ (ಈ ಪದ ಮಾತ್ರ ದೊಡ್ಡಕ್ಷರದಲ್ಲಿ) ನಿಮ್ಮ ವಿಳಾಸ ಹಾಕಿ, ‘ಎಂಡಿಎಡಿಎಂ --ಮಾನಿಟರ್ --ಸ್ಕ್ಯಾನ್ --ಒನ್‌ಶಾಟ್ --ಟೆಸ್ಟ್’ ಕೊಡಿ. ಮೇಲ್ ನಿಜವಾಗಿ ಬಂದರೆ ಮಾತ್ರ ಎಚ್ಚರಿಕೆಯ ಗಂಟೆ ಇದೆ ಎಂದರ್ಥ. ಮೇಲ್ ಕಳಿಸುವ ಪ್ರೋಗ್ರಾಂ ಇಲ್ಲದ ಯಂತ್ರದಲ್ಲಿ ಆ ಸಾಲು ಇದ್ದೂ ಪ್ರಯೋಜನವಿಲ್ಲ.

ಪ್ರಶ್ನೆ: ಹಳೆಯ ಯಂತ್ರದಲ್ಲಿ ಪಾರ್ಟಿಶನ್ ಟೈಪ್ ‘ಎಫ್‌ಡಿ’ ಎಂದು ಕೊಟ್ಟರೆ ಕೆರ್ನಲ್ ತಾನೇ ರೇಡ್ ಪತ್ತೆ ಮಾಡುತ್ತಿತ್ತು. ಹೊಸ ಯಂತ್ರದಲ್ಲೂ ಅದೇ ಟೈಪ್ ಕೊಟ್ಟಿದ್ದೇನೆ. ಬೂಟ್ ಆಗುವಾಗ ಪತ್ತೆಯಿಲ್ಲ, ಕೈಯಿಂದ ಅಸೆಂಬಲ್ ಕೊಟ್ಟರೆ ಸಲೀಸಾಗಿ ಬರುತ್ತದೆ. ಯಾಕೆ?
(ಎಂಜಿನಿಯರಿಂಗ್ ವಿದ್ಯಾರ್ಥಿ, ಮಣಿಪಾಲ)

ಉತ್ತರ: ಕೈಯಿಂದ ಬರುತ್ತದೆ ಎಂದರೆ ಡಿಸ್ಕುಗಳು ಸರಿಯಿವೆ, ಬೂಟ್ ಹೊತ್ತಿನಲ್ಲಿ ಓದುವವರು ಯಾರೂ ಇಲ್ಲ. ಕೆರ್ನಲ್ ತಾನೇ ಪತ್ತೆ ಹಚ್ಚಲು ಮೂರು ಕರಾರುಗಳಿವೆ. ಮೆಟಾಡೇಟಾ (ಸೂಪರ್‌ಬ್ಲಾಕಿನ ಮಾದರಿ) 0.90 ಆಗಿರಬೇಕು, ಎಂಬಿಆರ್ (ಹಳೆಯ ಬಗೆಯ ಪಾರ್ಟಿಶನ್ ಪಟ್ಟಿ) ಪಾರ್ಟಿಶನ್ನಿನ ಟೈಪ್ ಎಫ್‌ಡಿ ಆಗಿರಬೇಕು, ರೇಡ್ ಚಾಲಕ ಮಾಡ್ಯೂಲಾಗಿ ಹೊರಗಿರದೆ ಕೆರ್ನಲ್ಲಿನ ಒಳಗೇ ಸೇರಿರಬೇಕು. ಈಗ ಎಂಡಿಎಡಿಎಂ ತಾನಾಗಿ ಹಾಕುವುದು 1.2 ಮೆಟಾಡೇಟಾ. 1.ಎಕ್ಸ್ ಅರೇಯನ್ನು ಕೆರ್ನಲ್ ತಾನಾಗಿ ಎಂದೂ ಜೋಡಿಸುವುದಿಲ್ಲ, ಟೈಪ್ ಏನೇ ಇರಲಿ. ಜಿಪಿಟಿ (ಹೊಸ ಬಗೆಯ ಪಾರ್ಟಿಶನ್ ಪಟ್ಟಿ) ಡಿಸ್ಕಿನಲ್ಲಿ ‘ಎಫ್‌ಡಿ00’ ಎನ್ನುವುದು ನೋಡುವವರಿಗೆ ಗುರುತು, ಅಷ್ಟೇ.

ಆ ಕೆಲಸ ಈಗ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಶುರುವಿನಲ್ಲಿ ಓಡುವ ಚಿಕ್ಕ ವ್ಯವಸ್ಥೆ) ಒಳಗಿನ ಎಂಡಿಎಡಿಎಂನದ್ದು. ಡೆಬಿಯನ್, ಉಬುಂಟುವಿನಲ್ಲಿ ‘ಎಂಡಿಎಡಿಎಂ --ಡೀಟೇಲ್ --ಸ್ಕ್ಯಾನ್’ ಕೊಟ್ಟಾಗ ಬರುವ ಅರೇ ಸಾಲನ್ನು /ಇಟಿಸಿ/ಎಂಡಿಎಡಿಎಂ/ಎಂಡಿಎಡಿಎಂ.ಕಾನ್ಫ್ ಕೊನೆಗೆ ಸೇರಿಸಿ, ‘ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು’ ಓಡಿಸಿ. ಎರಡನೆಯದನ್ನು ಮರೆಯುವವರೇ ಹೆಚ್ಚು. ಫೈಲ್ ತಿದ್ದಿದ್ದು ಡಿಸ್ಕಿನಲ್ಲಿ, ಬೂಟ್ ಹೊತ್ತಿನಲ್ಲಿ ಓದುವುದು ಇನಿಟ್‌ರಾಮ್‌ಎಫ್‌ಎಸ್ ಒಳಗಿನ ಹಳೆಯ ನಕಲನ್ನು. ಫೆಡೋರಾ ಬಳಗದಲ್ಲಿ ಫೈಲ್ ನೇರವಾಗಿ /ಇಟಿಸಿ ಒಳಗಿದೆ, ಆಜ್ಞೆ ‘ಡ್ರಾಕಟ್ -ಎಫ್’. ಅಲ್ಲಿ ಇನ್ನೊಂದನ್ನೂ ಗಮನಿಸಿ: ಇನ್‌ಸ್ಟಾಲ್ ಆಗುವಾಗ ಕೆರ್ನಲ್ ಸಾಲಿಗೆ ‘ಆರ್‌ಡಿ.ಎಂಡಿ.ಯುಯುಐಡಿ’ ಸೇರಿರುತ್ತದೆ. ಅರೇ ಹೊಸದಾಗಿ ಕಟ್ಟಿದರೆ ಯುಯುಐಡಿ (ಅದರ ಗುರುತಿನ ಸಂಖ್ಯೆ) ಬದಲಾಗುತ್ತದೆ, ಆ ಸಾಲು ಹಳೆಯದನ್ನೇ ಕಾಯುತ್ತಾ ಕೂರುತ್ತದೆ. ಆರ್ಚ್‌ನಲ್ಲಿ ‘ಎಂಡಿಎಡಿಎಂ_ಯುಡೆವ್’ ಹುಕ್ ಸೇರಿಸಿ ‘ಎಂಕೆಇನಿಟ್‌ಸಿಪಿಐಓ -ಪಿ’ (ಈ ಪಿ ದೊಡ್ಡಕ್ಷರ).

ತಾನಾಗಿ ಪತ್ತೆಯಾಗಲಿ ಎಂದು 0.90ಕ್ಕೆ ಮರಳುವ ಯೋಚನೆ ಬೇಡ. ಅದರಲ್ಲಿ 28 ಡಿಸ್ಕಿನ ಮಿತಿಯಿದೆ. ಸೂಪರ್‌ಬ್ಲಾಕ್ ಕೊನೆಯಲ್ಲಿ ಇರುವುದರಿಂದ ಡಿಸ್ಕಿನ ಕಟ್ಟಕಡೆಯ ಪಾರ್ಟಿಶನ್ನಿನದೋ ಇಡೀ ಡಿಸ್ಕಿನದೋ ಎಂಬ ಗೊಂದಲವೂ ಬರುತ್ತದೆ. ಕೊನೆಯಲ್ಲೇ ಬೇಕಾದ ಒಂದು ಸಂದರ್ಭ ಮಾತ್ರ ಉಳಿದಿದೆ, ಬೂಟ್ ಆಗಲು ಬೇಕಾದ ಇಎಫ್‌ಐ ಪಾರ್ಟಿಶನ್ನನ್ನು ರೇಡ್ 1 (ಎರಡು ಡಿಸ್ಕಿನಲ್ಲೂ ಒಂದೇ ಪ್ರತಿ) ಮಾಡುವುದು. ಫರ್ಮ್‌ವೇರಿಗೆ (ಮದರ್‌ಬೋರ್ಡಿನ ಒಳಗಿನ ಪ್ರೋಗ್ರಾಂ) ಅದು ಮಾಮೂಲಿ ಎಫ್‌ಎಟಿ ಫೈಲ್‌ಸಿಸ್ಟಮ್ಮಿನಂತೆ ಕಾಣಬೇಕಲ್ಲ. ಅದಕ್ಕೆ 1.0 ಬಳಸಿ.

ಪ್ರಶ್ನೆ: ಸಿಸ್ಟಮ್ ಹೊಸದಾಗಿ ಹಾಕಿದ ಮೇಲೆ ಎಂಡಿ0 ಇದ್ದದ್ದು ಎಂಡಿ127 ಆಗಿದೆ. ಡೇಟಾ ಎಲ್ಲ ಸರಿಯಿದೆ. ಅಪಾಯವೇ?
(ಲೆಕ್ಕಪತ್ರ ಕಚೇರಿಯವರು, ಹಂಪನಕಟ್ಟೆ, ಮಂಗಳೂರು)

ಉತ್ತರ: ಅಪಾಯವಿಲ್ಲ. ಕಾನ್ಫ್ ಫೈಲಿನಲ್ಲಿ ಹೆಸರಿಲ್ಲದ, ಅಥವಾ ಬೇರೆ ಹೋಸ್ಟ್‌ನೇಮ್ ಹೊತ್ತ ಅರೇಯನ್ನು ಎಂಡಿಎಡಿಎಂ ‘ಹೊರಗಿನದು’ ಎಂದು ತಿಳಿದು 127ರಿಂದ ಕೆಳಮುಖವಾಗಿ ಸಂಖ್ಯೆ ಕೊಡುತ್ತದೆ. ಮೇಲಿನ ಉತ್ತರದಂತೆ ಅರೇ ಸಾಲು ಸೇರಿಸಿ ಇನಿಟ್‌ರಾಮ್‌ಎಫ್‌ಎಸ್ ಹೊಸದು ಮಾಡಿದರೆ 0 ವಾಪಸ್ ಬರುತ್ತದೆ. ಆದರೆ ಸಂಖ್ಯೆಯನ್ನೇ ನೆಚ್ಚದಿರುವುದು ಜಾಣತನ. ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್ ಆಗುವಾಗ ಮೌಂಟ್ ಮಾಡಬೇಕಾದವುಗಳ ಪಟ್ಟಿಯ ಫೈಲ್) ಫೈಲ್‌ಸಿಸ್ಟಮ್ಮಿನ ಯುಯುಐಡಿ ಹಾಕಿ. ಇಲ್ಲಿ ಅನೇಕರು ಎಡವುತ್ತಾರೆ: ಕೋಲನ್ ಇರುವ, ಎಂಟೆಂಟು ಅಕ್ಷರದ ನಾಲ್ಕು ತುಂಡು ಅರೇಯ ಯುಯುಐಡಿ, ಅದು ಎಂಡಿಎಡಿಎಂ.ಕಾನ್ಫ್‌ಗೆ. ಅಡ್ಡಗೆರೆ ಇರುವುದು ಫೈಲ್‌ಸಿಸ್ಟಮ್ಮಿನದು, ‘ಬಿಎಲ್‌ಕೆಐಡಿ /ಡೆವ್/ಎಂಡಿ127’ ಕೊಟ್ಟರೆ ಸಿಗುತ್ತದೆ, ಅದು ಎಫ್‌ಎಸ್‌ಟ್ಯಾಬ್‌ಗೆ.

ಪ್ರಶ್ನೆ: ರೇಡ್ 1ರಲ್ಲಿದ್ದ ಒಂದು ಡಿಸ್ಕನ್ನು ಮನೆಯ ಕಂಪ್ಯೂಟರಿಗೆ ಹಾಕಿದೆ. ಮೌಂಟ್ ಮಾಡಿದರೆ ‘ಅನ್‌ನೋನ್ ಫೈಲ್‌ಸಿಸ್ಟಮ್ ಟೈಪ್ ಲಿನಕ್ಸ್_ರೇಡ್_ಮೆಂಬರ್’ ಎನ್ನುತ್ತದೆ.
(ಓದುಗರು, ಪುತ್ತೂರು)

ಉತ್ತರ: ಸದಸ್ಯನನ್ನಲ್ಲ, ಅರೇಯನ್ನು ಮೌಂಟ್ ಮಾಡಬೇಕು. ಎಂಡಿಎಡಿಎಂ ಇನ್‌ಸ್ಟಾಲ್ ಮಾಡಿ, ‘ಎಂಡಿಎಡಿಎಂ --ಅಸೆಂಬಲ್ --ರನ್ --ರೀಡ್‌ಓನ್ಲಿ /ಡೆವ್/ಎಂಡಿ50 /ಡೆವ್/ಎಸ್‌ಡಿಬಿ1’ ಎನ್ನಿ. ಜೋಡಿ ಇಲ್ಲದಿದ್ದರೂ ರನ್ ಎಂಬುದರಿಂದ ಒಂದೇ ಡಿಸ್ಕಿನಲ್ಲಿ ಚಾಲೂ ಆಗುತ್ತದೆ. ‘-ಟಿ ಇಎಕ್ಸ್‌ಟಿ4’ ಎಂದು ಒತ್ತಾಯದಿಂದ ಸದಸ್ಯನನ್ನೇ ತೆರೆಯುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. 1.2ರಲ್ಲಿ ಡೇಟಾ ಅಲ್ಲಿಂದ ಶುರುವಾಗುವುದೇ ಇಲ್ಲ. 0.90 ಅಥವಾ 1.0 ಆದರೆ ತೆರೆದುಕೊಳ್ಳುತ್ತದೆ, ಆದರೆ ಒಂದೇ ಪ್ರತಿಗೆ ಬರೆದು ಜೋಡಿಯನ್ನು ಕೆಡಿಸುತ್ತೀರಿ. ಇನ್ನು, ಯುಎಸ್‌ಬಿ ಪೆಟ್ಟಿಗೆಯಲ್ಲಿ ಹಾಕಿದಾಗ ಪಾರ್ಟಿಶನ್ನೇ ಕಾಣದಿದ್ದರೆ ನೇರ ಸಾಟಾ ಕೇಬಲಿಗೆ ಹಾಕಿ. ಕೆಲವು ಪೆಟ್ಟಿಗೆಗಳು 512 ಬೈಟಿನ ಸೆಕ್ಟರನ್ನು 4096 ಎಂದು ತೋರಿಸುವುದರಿಂದ ಪಾರ್ಟಿಶನ್ ಪಟ್ಟಿ ಓದಲು ಬರುವುದಿಲ್ಲ.

ಪ್ರಶ್ನೆ: ಶಾಲೆಯ ಲ್ಯಾಬಿನ ಸರ್ವರಿನಲ್ಲಿ 2 ಟಿಬಿಯ ಎರಡು ಡಿಸ್ಕ್ ರೇಡ್ 1. ಪಾರ್ಟಿಶನ್ ಮಾಡದೆ ಇಡೀ ಡಿಸ್ಕನ್ನೇ ಕೊಟ್ಟಿದ್ದೆವು. ಮದರ್‌ಬೋರ್ಡ್ ಬದಲಿಸಿದ ಮೇಲೆ ಒಂದು ಡಿಸ್ಕ್ ಮಾತ್ರ ಬರುತ್ತಿದೆ. ಇನ್ನೊಂದಕ್ಕೆ ಎಕ್ಸಾಮಿನ್ ಕೊಟ್ಟರೆ ‘ಎಂಬಿಆರ್ ಮ್ಯಾಜಿಕ್ : ಎಎ55’ ಎಂದಷ್ಟೇ. ಡಿಸ್ಕ್ ಹೊಸದು, ಸ್ಮಾರ್ಟ್‌ನಲ್ಲಿ ದೋಷವಿಲ್ಲ. ಸೂಪರ್‌ಬ್ಲಾಕ್ ಎಲ್ಲಿ ಹೋಯಿತು?
(ಕಂಪ್ಯೂಟರ್ ಶಿಕ್ಷಕರು, ಕುಂದಾಪುರ)

ಉತ್ತರ: ಅದರ ಮೇಲೆ ಜಿಪಿಟಿ ಬರೆಯಲಾಗಿದೆ, ಹೆಚ್ಚಿನ ಮಟ್ಟಿಗೆ ಫರ್ಮ್‌ವೇರೇ ಬರೆದಿರುತ್ತದೆ. ಲೆಕ್ಕ ನೋಡಿ. 1.2 ಸೂಪರ್‌ಬ್ಲಾಕ್ ಕೂರುವುದು ಡಿಸ್ಕಿನ ಆರಂಭದಿಂದ 4096 ಬೈಟಿನಾಚೆ. ಜಿಪಿಟಿ ಹಿಡಿಯುವುದು ಮೊದಲ 34 ಸೆಕ್ಟರು, ಅಂದರೆ 17408 ಬೈಟ್. ಒಂದರ ಜಾಗದ ಒಳಗೇ ಇನ್ನೊಂದು. ಜಿಪಿಟಿಯ ಇನ್ನೊಂದು ಪ್ರತಿ ಡಿಸ್ಕಿನ ಕಟ್ಟಕಡೆಯಲ್ಲೂ ಇರುತ್ತದೆ. ನಿಮ್ಮ ಡಿಸ್ಕಿನಲ್ಲಿ ಎಂದೋ ಜಿಪಿಟಿ ಇದ್ದು, ಅದನ್ನು ಪೂರ್ತಿ ಒರೆಸದೆ ರೇಡ್‌ಗೆ ಕೊಟ್ಟಿದ್ದರೆ ಆ ಕೊನೆಯ ಪ್ರತಿ ಹಾಗೆಯೇ ಉಳಿದಿರುತ್ತದೆ. ಕೆಲವು ಮದರ್‌ಬೋರ್ಡುಗಳ ಯುಇಎಫ್‌ಐ ಫರ್ಮ್‌ವೇರ್ ಬೂಟ್ ಹೊತ್ತಿನಲ್ಲಿ ‘ಮೊದಲ ಪ್ರತಿ ಕೆಟ್ಟಿದೆ, ಕೊನೆಯದರಿಂದ ಸರಿಮಾಡುತ್ತೇನೆ’ ಎಂದು ಹೊರಡುತ್ತದೆ. ಸರಿಮಾಡಿದ ಕ್ಷಣಕ್ಕೆ ಸೂಪರ್‌ಬ್ಲಾಕ್ ಅಳಿಯಿತು. ವಿಂಡೋಸ್‌ನಲ್ಲಿ ‘ಇನಿಶಿಯಲೈಸ್ ಡಿಸ್ಕ್’ ಒತ್ತಿದರೂ ಇದೇ ಗತಿ.

ಒಂದು ಡಿಸ್ಕಿನ ದಾಖಲೆ ಉಳಿದಿರುವುದು ನಿಮ್ಮ ಪುಣ್ಯ. ಮೊದಲು ಅದರಿಂದ ಎಲ್ಲವನ್ನೂ ಬೇರೆಡೆಗೆ ನಕಲು ಮಾಡಿ, ಇನ್ನೊಂದು ರೀಬೂಟಿಗೆ ಇದಕ್ಕೂ ಅದೇ ಆಗಬಹುದು. ‘ವೈಪ್‌ಎಫ್‌ಎಸ್’ ಎಂದು ಯಾವ ಆಯ್ಕೆಯೂ ಇಲ್ಲದೆ ಕೊಟ್ಟರೆ ಏನೂ ಅಳಿಸದೆ, ಯಾವ ಗುರುತು ಎಲ್ಲಿದೆ ಎಂದು ಮಾತ್ರ ತೋರಿಸುತ್ತದೆ. ಎರಡೂ ಡಿಸ್ಕಿನಲ್ಲಿ ನೋಡಿ. ನಕಲಾದ ಮೇಲೆ ಕೆಟ್ಟ ಡಿಸ್ಕಿಗೆ ‘ಎಸ್‌ಜಿಡಿಸ್ಕ್ --ಜ್ಯಾಪ್-ಆಲ್’, ಎರಡು ತುದಿಯ ಜಿಪಿಟಿಯೂ ಹೋಗುತ್ತದೆ. ಸೀರಿಯಲ್ ತಾಳೆ ನೋಡದೆ ಇದನ್ನು ಒತ್ತಬೇಡಿ.

ಇಲ್ಲಿಂದ ಮುಂದಕ್ಕೆ ಪಾರ್ಟಿಶನ್ ಮಾಡಿಯೇ ಕೊಡಿ. ಆಗ ಡಿಸ್ಕಿನ ತಲೆಯಲ್ಲಿ ನಿಜವಾದ ಜಿಪಿಟಿ ಇರುತ್ತದೆ, ಯಾವ ಫರ್ಮ್‌ವೇರೂ ಅದನ್ನು ‘ಸರಿಮಾಡಲು’ ಹೋಗುವುದಿಲ್ಲ. ಕೊನೆಯಲ್ಲಿ 100 ಎಂಬಿ ಖಾಲಿ ಬಿಟ್ಟರೆ ಮುಂದೆ ಬೇರೆ ಕಂಪನಿಯ, ತುಸು ಚಿಕ್ಕ 2 ಟಿಬಿ ಡಿಸ್ಕ್ ಸಿಕ್ಕರೂ ಹೊಂದುತ್ತದೆ. ಆದರೆ ಈಗಿರುವ ಅರೇಗೆ ಪಾರ್ಟಿಶನ್ ಸೇರಿಸಹೊರಟರೆ ‘ಗಾತ್ರ ಸಾಲದು’ ಎಂದು ನಿರಾಕರಿಸಬಹುದು, ಇಡೀ ಡಿಸ್ಕಿಗಿಂತ ಪಾರ್ಟಿಶನ್ ಚಿಕ್ಕದಲ್ಲವೇ. ಹೇಗೂ ನಕಲು ಕೈಯಲ್ಲಿದೆ; ಎರಡೂ ಡಿಸ್ಕಿಗೆ ಪಾರ್ಟಿಶನ್ ಮಾಡಿ ಹೊಸ ಅರೇ ಕಟ್ಟಿ ಡೇಟಾ ತುಂಬುವುದೇ ಚೊಕ್ಕ.

ಎರಡರ ಸೂಪರ್‌ಬ್ಲಾಕೂ ಹೋಗಿದ್ದರೆ? ಆಗಲೂ ರೇಡ್ 1ರಲ್ಲಿ ಡೇಟಾ ಹಾಗೆಯೇ ಇರುತ್ತದೆ, ಶುರುವಾಗುವ ಜಾಗ ಮಾತ್ರ ತಿಳಿಯಬೇಕು. ಹೊಸ ಎಂಡಿಎಡಿಎಂ ದೊಡ್ಡ ಡಿಸ್ಕಿಗೆ ಸಾಮಾನ್ಯವಾಗಿ 262144 ಸೆಕ್ಟರು ಬಿಡುತ್ತದೆ, ಅಂದರೆ 134217728 ಬೈಟ್. ‘ಲೋಸೆಟಪ್ -ಆರ್ -ಓ 134217728 --ಫೈಂಡ್ --ಶೋ /ಡೆವ್/ಎಸ್‌ಡಿಸಿ’ ಎಂದು ಓದಲು ಮಾತ್ರ ಲೂಪ್ ಮಾಡಿ, ಅದನ್ನು ಮೌಂಟ್ ಮಾಡಿ ನೋಡಿ. ಹಳೆಯ ಆವೃತ್ತಿಯಲ್ಲಿ ಕಟ್ಟಿದ್ದಾದರೆ 2048 ಸೆಕ್ಟರು, 1048576 ಬೈಟ್ ಪ್ರಯತ್ನಿಸಿ. ರೇಡ್ 5 ಆಗಿದ್ದರೆ ಮಾತ್ರ ‘--ಕ್ರಿಯೇಟ್ --ಅಸ್ಯೂಮ್-ಕ್ಲೀನ್’ ಬಿಟ್ಟು ಬೇರೆ ದಾರಿ ಉಳಿಯದು. ಅದನ್ನೂ ಓವರ್‌ಲೇ ಮೇಲೆಯೇ ಮಾಡಬೇಕು. ಹಳೆಯ ಕ್ರಮ, ಚಂಕ್, ಮೆಟಾಡೇಟಾ, ಡೇಟಾ ಆಫ್‌ಸೆಟ್ ನಾಲ್ಕೂ ಹಿಂದಿನಂತೆಯೇ ಕೊಡಬೇಕು. ಎಕ್ಸಾಮಿನ್ ಉತ್ತರವನ್ನು ಮುದ್ರಿಸಿ ಸರ್ವರ್ ಪೆಟ್ಟಿಗೆಯ ಒಳಬದಿಗೆ ಅಂಟಿಸಿಟ್ಟವರಿಗೆ ಇದು ಹತ್ತು ನಿಮಿಷದ ಕೆಲಸ, ಇಲ್ಲದವರಿಗೆ ಹತ್ತು ದಿನದ್ದು.

ಪ್ರಶ್ನೆ: ಗೇರುಬೀಜ ಕಾರ್ಖಾನೆಯ ಕಚೇರಿ ಯಂತ್ರ. ಬಯೋಸ್‌ನಲ್ಲೇ ಇಂಟೆಲ್ ರೇಡ್ 1 ಮಾಡಿಕೊಟ್ಟಿದ್ದರು. ಗಡಿಯಾರ ಹಳೆಯ ವರ್ಷ ತೋರಿಸತೊಡಗಿತು, ಅದರ ಜೊತೆಗೇ ರೇಡ್ ಕಾಣೆಯಾಯಿತು. ಲಿನಕ್ಸ್ ಎರಡು ಬಿಡಿ ಡಿಸ್ಕ್ ತೋರಿಸುತ್ತದೆ.
(ಕಚೇರಿ ಸಿಬ್ಬಂದಿ, ಕಾರ್ಕಳ)

ಉತ್ತರ: ಎರಡಕ್ಕೂ ಕಾರಣ ಒಂದೇ, ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿ ಮುಗಿದಿದೆ. ಬಯೋಸ್ ತನ್ನ ಮೂಲ ಹೊಂದಿಕೆಗೆ ಮರಳಿ, ಸಾಟಾ ಮೋಡ್ ರೇಡ್‌ನಿಂದ ಎಎಚ್‌ಸಿಐಗೆ (ಡಿಸ್ಕುಗಳನ್ನು ಬಿಡಿಬಿಡಿಯಾಗಿ ತೋರಿಸುವ ಮೋಡ್) ಬಂದಿದೆ. ಕರೆಂಟ್ ಪ್ಲಗ್ ತೆಗೆದು 3 ವೋಲ್ಟಿನ ಹೊಸ ಬ್ಯಾಟರಿ ಹಾಕಿ, ಬಯೋಸ್‌ನಲ್ಲಿ ದಿನಾಂಕ ಸರಿಪಡಿಸಿ, ಸಾಟಾ ಮೋಡನ್ನು ಮತ್ತೆ ರೇಡ್‌ಗೆ ತನ್ನಿ. ಆ ಪರದೆಯಲ್ಲಿ ‘ವಾಲ್ಯೂಮ್ ಅಳಿಸಿ’, ‘ಡಿಸ್ಕನ್ನು ನಾನ್-ರೇಡ್ ಮಾಡಿ’ ಎಂಬ ಆಯ್ಕೆಗಳೂ ಇರುತ್ತವೆ, ಅವುಗಳ ಹತ್ತಿರ ಹೋಗಬೇಡಿ.

ಬಯೋಸ್ ಕೈಗೆ ಸಿಗದಿದ್ದರೆ, ಲಿನಕ್ಸ್‌ನಲ್ಲಿ ‘ಎಂಡಿಎಡಿಎಂ --ಡೀಟೇಲ್-ಪ್ಲಾಟ್‌ಫಾರ್ಮ್’ ಕೊಟ್ಟು ನೋಡಿ. ಇಂಟೆಲ್ ಬೆಂಬಲ ಕಾಣದಿದ್ದರೂ ಡಿಸ್ಕಿನಲ್ಲಿ ಐಎಂಎಸ್‌ಎಂ (ಇಂಟೆಲ್ ರೇಡ್‌ನ) ದಾಖಲೆ ಇದ್ದೇ ಇರುತ್ತದೆ. ‘ಐಎಂಎಸ್‌ಎಂ_ನೋ_ಪ್ಲಾಟ್‌ಫಾರ್ಮ್=1’ ಎಂದು ದೊಡ್ಡಕ್ಷರದಲ್ಲಿ ಮುಂದಿಟ್ಟು ಅಸೆಂಬಲ್ --ಸ್ಕ್ಯಾನ್ ಕೊಟ್ಟರೆ ಆ ತಪಾಸಣೆ ಬಿಟ್ಟು ಜೋಡಿಸುತ್ತದೆ. ಸುಡೊ ಬಳಸುವುದಾದರೆ ಈ ಪದ ಸುಡೊ ನಂತರ ಬರಬೇಕು, ಮೊದಲು ಬರೆದರೆ ಒಳಗೆ ತಲುಪದು. ಎಂಡಿ127 ‘ಇನ್‌ಆಕ್ಟಿವ್’, ಎರಡೂ ಡಿಸ್ಕಿಗೆ (ಎಸ್) ಎಂದು ಬರುತ್ತದೆ. ಉಡುಪಿಯವರ ಪ್ರಶ್ನೆಯಲ್ಲಿ ಅದು ರೋಗ, ಇಲ್ಲಿ ಅಲ್ಲ. ಇಂಟೆಲ್ ರೇಡ್‌ನಲ್ಲಿ 127 ಬರೀ ಹೊರಗಿನ ಕಂಟೇನರ್, ಅದು ಯಾವಾಗಲೂ ಹಾಗೆಯೇ. ನಿಜವಾದ ಡಿಸ್ಕ್ 126.

ಪ್ರಶ್ನೆ: ಮಲ್ಪೆ ಬಂದರಿನ ಹತ್ತಿರ ನಮ್ಮ ಐಸ್ ಪ್ಲಾಂಟಿನ ಕಚೇರಿ. ತಿಂಗಳಿಗೊಮ್ಮೆ ಒಂದಲ್ಲ ಒಂದು ಡಿಸ್ಕ್ ಅರೇಯಿಂದ ಬೀಳುತ್ತದೆ. ಮತ್ತೆ ಸೇರಿಸಿದರೆ ನಡೆಯುತ್ತದೆ. ಡಿಸ್ಕ್ ಬದಲಿಸಿಯೂ ನೋಡಿದೆವು.
(ಓದುಗರು, ಮಲ್ಪೆ)

ಉತ್ತರ: ಬೇರೆ ಬೇರೆ ಡಿಸ್ಕ್ ಬೀಳುತ್ತಿದ್ದರೆ ದೋಷ ಡಿಸ್ಕಿನ ಹೊರಗಿದೆ. ‘ಸ್ಮಾರ್ಟ್‌ಸಿಟಿಎಲ್ -ಎ’ಯಲ್ಲಿ ಐಡಿ 199 ಇರುವ ಸಾಲು, ಯುಡಿಎಂಎ ಸಿಆರ್‌ಸಿ ಎಣಿಕೆ ನೋಡಿ. ಅದು ಏರುತ್ತಿದ್ದರೆ ಡಿಸ್ಕಿಗೂ ಬೋರ್ಡಿಗೂ ನಡುವೆ ಡೇಟಾ ಕೆಡುತ್ತಿದೆ. ‘ಡಿಮೆಸೇಜ್’ ಲಾಗಿನಲ್ಲಿ (ಟೈಪ್ ಮಾಡಬೇಕಾದ್ದು ಡಿ-ಎಂ-ಇ-ಎಸ್-ಜಿ) ‘ಹಾರ್ಡ್ ರೀಸೆಟಿಂಗ್ ಲಿಂಕ್’ ಎಂಬ ಸಾಲೂ ಇರುತ್ತದೆ. ಕಡಲ ಬದಿಯಲ್ಲಿ ಸಾಟಾ ಕನೆಕ್ಟರಿನ ಹಲ್ಲುಗಳಿಗೆ ಕಿಲುಬು ಹಿಡಿಯುವುದು ಬೇಗ. ಲಾಕ್ ಕ್ಲಿಪ್ ಇರುವ ಹೊಸ ಕೇಬಲ್ ಹಾಕಿ. ಡಿಸ್ಕಿನ ಬದಿಯ ಹಲ್ಲನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಜೋಡಿಸಿ. 199ರ ಎಣಿಕೆ ಎಂದೂ ಸೊನ್ನೆಗೆ ಇಳಿಯದು, ಇವತ್ತಿನ ಸಂಖ್ಯೆ ಬರೆದಿಟ್ಟು ಮುಂದೆ ಏರುತ್ತದೆಯೇ ಎಂದಷ್ಟೇ ನೋಡಿ. ಪವರ್ ಸ್ಪ್ಲಿಟರ್ ಇದ್ದರೆ ತೆಗೆಯಿರಿ. 3.5 ಇಂಚಿನ ಡಿಸ್ಕ್ ತಿರುಗಲು ಶುರುವಾಗುವಾಗ 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. ನಾಲ್ಕು ಡಿಸ್ಕಿನ ಭಾರ ಒಂದೇ ತೆಳು ತಂತಿಯ ಮೇಲೆ ಬಿದ್ದರೆ ಕೊನೆಯದಕ್ಕೆ ವೋಲ್ಟೇಜ್ ಸಾಲದೆ ಅದು ತಡವಾಗಿ ಏಳುತ್ತದೆ, ಅರೇ ಅದನ್ನು ಬಿಟ್ಟು ಚಾಲೂ ಆಗುತ್ತದೆ.

199 ಏರದೆಯೂ ಬೀಳುತ್ತಿದ್ದರೆ ಸಮಯದ ಜಗಳ. ಮನೆಬಳಕೆಯ ಡಿಸ್ಕ್ ಕೆಟ್ಟ ಸೆಕ್ಟರ್ ಸಿಕ್ಕಾಗ ಒಂದೆರಡು ನಿಮಿಷ ಅದನ್ನೇ ಓದಲು ಒದ್ದಾಡಬಹುದು. ಲಿನಕ್ಸ್ ಕಾಯುವುದು 30 ಸೆಕೆಂಡ್. ಅಷ್ಟರಲ್ಲಿ ಉತ್ತರ ಬಾರದಿದ್ದರೆ ಲಿಂಕ್ ರೀಸೆಟ್, ಡಿಸ್ಕ್ ಹೊರಗೆ. ‘ಸ್ಮಾರ್ಟ್‌ಸಿಟಿಎಲ್ -ಎಲ್ ಎಸ್‌ಸಿಟಿಇಆರ್‌ಸಿ,70,70 /ಡೆವ್/ಎಸ್‌ಡಿಬಿ’ ಕೊಟ್ಟರೆ ಡಿಸ್ಕ್ 7 ಸೆಕೆಂಡಿಗೇ ಕೈಚೆಲ್ಲಿ ‘ಓದಲಾಗಲಿಲ್ಲ’ ಎನ್ನುತ್ತದೆ, ರೇಡ್ ಆ ತುಂಡನ್ನು ಜೋಡಿ ಡಿಸ್ಕಿನಿಂದ ತಂದು ಸರಿಪಡಿಸುತ್ತದೆ. ಡಿಸ್ಕ್ ಇದನ್ನು ಒಪ್ಪದಿದ್ದರೆ /ಸಿಸ್/ಬ್ಲಾಕ್/ಎಸ್‌ಡಿಬಿ/ಡಿವೈಸ್/ಟೈಮ್‌ಔಟ್ ಫೈಲಿಗೆ 180 ಬರೆಯಿರಿ. ಎರಡೂ ಕರೆಂಟು ಹೋದರೆ ಮರೆತುಹೋಗುತ್ತವೆ, ಬೂಟ್ ಸ್ಕ್ರಿಪ್ಟಿಗೆ ಸೇರಿಸಿಡಿ.

ಬಿದ್ದ ಡಿಸ್ಕ್ ಪ್ರತಿ ಸಲ ಗಂಟೆಗಟ್ಟಲೆ ತುಂಬುವುದು ತಪ್ಪಬೇಕಾದರೆ, ಅರೇ ಪೂರ್ತಿ ಇರುವಾಗ ‘ಎಂಡಿಎಡಿಎಂ --ಗ್ರೋ --ಬಿಟ್‌ಮ್ಯಾಪ್=ಇಂಟರ್ನಲ್ /ಡೆವ್/ಎಂಡಿ0’ ಕೊಡಿ. ಆಮೇಲೆ ‘--ರೀ-ಆ್ಯಡ್’ ಮಾಡಿದರೆ ಬದಲಾದ ಭಾಗವನ್ನು ಮಾತ್ರ ಬರೆಯುತ್ತದೆ, ನಿಮಿಷಗಳಲ್ಲಿ ಮುಗಿಯುತ್ತದೆ.

ಪ್ರಶ್ನೆ: ಡೇಟಾ ರೇಡ್ ಬಾರದಿದ್ದರೆ ಇಡೀ ಯಂತ್ರವೇ ‘ಎಮರ್ಜೆನ್ಸಿ ಮೋಡ್’ಗೆ ಹೋಗುತ್ತದೆ. ದೂರದಿಂದ ಎಸ್‌ಎಸ್‌ಎಚ್ ಕೂಡ ಆಗುವುದಿಲ್ಲ.
(ಓದುಗರು, ಸುರತ್ಕಲ್)

ಉತ್ತರ: ಎಫ್‌ಎಸ್‌ಟ್ಯಾಬ್‌ನಲ್ಲಿ ಆ ಸಾಲಿನ ಆಯ್ಕೆಗಳಿಗೆ ‘ನೋಫೇಲ್,ಎಕ್ಸ್-ಸಿಸ್ಟಮ್‌ಡಿ.ಡಿವೈಸ್-ಟೈಮ್‌ಔಟ್=60’ ಸೇರಿಸಿ. ಇಲ್ಲದಿದ್ದರೆ ಸಿಸ್ಟಮ್‌ಡಿ 90 ಸೆಕೆಂಡ್ ಕಾದು ಬೂಟನ್ನೇ ನಿಲ್ಲಿಸುತ್ತದೆ. 60ಕ್ಕಿಂತ ಬಹಳ ಕಡಿಮೆ ಹಾಕಬೇಡಿ: ಒಂದು ಡಿಸ್ಕ್ ಕಾಣದಿದ್ದಾಗ ಎಂಡಿಎಡಿಎಂ 30 ಸೆಕೆಂಡ್ ಕಾದು, ಆಮೇಲೆ ಇದ್ದಷ್ಟರಲ್ಲೇ ಅರೇ ಚಾಲೂ ಮಾಡುತ್ತದೆ, ಅಷ್ಟು ಹೊತ್ತು ಬಿಡಬೇಕು. ನೋಫೇಲ್ ಹಾಕಿದ ಮೇಲೆ ಮೌಂಟ್ ಆಗದ ಖಾಲಿ ಫೋಲ್ಡರಿಗೆ ಬ್ಯಾಕಪ್ ಸ್ಕ್ರಿಪ್ಟ್ ಬರೆದು ರೂಟ್ ಡಿಸ್ಕ್ ತುಂಬಿಸುವ ಅಪಾಯವಿದೆ; ಸ್ಕ್ರಿಪ್ಟಿನ ಮೊದಲ ಸಾಲಿನಲ್ಲೇ ‘ಮೌಂಟ್‌ಪಾಯಿಂಟ್ -ಕ್ಯು’ ತಪಾಸಣೆ ಇರಲಿ. ರೂಟ್ ಕೂಡ ರೇಡ್ 1ರಲ್ಲಿ ಇದ್ದರೆ ಗ್ರಬ್ (ಬೂಟ್ ಶುರುಮಾಡುವ ಪ್ರೋಗ್ರಾಂ) ಎರಡೂ ಡಿಸ್ಕಿನಲ್ಲಿ ಇದೆಯೇ ನೋಡಿ. ಡೆಬಿಯನ್‌ನ ಹಳೆಯ ಬಯೋಸ್ ಯಂತ್ರದಲ್ಲಿ ‘ಡಿಪಿಕೆಜಿ-ರೀಕಾನ್ಫಿಗರ್ ಗ್ರಬ್-ಪಿಸಿ’ ಕೊಟ್ಟರೆ ಡಿಸ್ಕುಗಳ ಪಟ್ಟಿ ಬರುತ್ತದೆ, ಎರಡಕ್ಕೂ ಗುರುತು ಹಾಕಿ. ಆಮೇಲೆ ಯಂತ್ರ ಆಫ್ ಮಾಡಿ, ಮೊದಲ ಡಿಸ್ಕಿನ ಕೇಬಲ್ ತೆಗೆದು, ಎರಡನೆಯದರಿಂದ ಬೂಟ್ ಆಗುತ್ತದೆಯೇ ಎಂದು ಬಿಡುವಿನ ದಿನ ಒಮ್ಮೆ ನೋಡಿಬಿಡಿ.